ಅಡ್ಡಿಯಿಲ್ಲ, ಗ್ರೀನ್ ಕಾರ್ಡ್ ಕೊಡಬಹುದು

ಹೊಗಳಿಕೆಯ ವಿಷಯದಲ್ಲಿ ನಮ್ಮ ಧಾರವಾಡದ ಕಡೆಯ ಮಂದಿಯಷ್ಟು ಜಿಪುಣರನ್ನು ನಾನು ಬೇರೆಲ್ಲೂ ಕಂಡಿಲ್ಲ. ಊಟಕ್ಕೆ ಕರೆದರೆ ಹೊಟ್ಟೆ ಬಿರಿಯುವ ತನಕ ಬಡಿಸುತ್ತಾರೆ, ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸುತ್ತಾರೆ. ಆದರೆ ಒಂದು ಒಳ್ಳೆಯ ಮಾತು ಬಡಿಸಿ ಎಂದರೆ ಸೌಟು ಮೇಲೇಳುವುದಿಲ್ಲ. ನಮ್ಮ ಮನೆಯಲ್ಲಿ ಚಲಾವಣೆಯಲ್ಲಿದ್ದದ್ದು ಒಂದೇ ಪ್ರಶಸ್ತಿ. ಅದರ ಹೆಸರು 'ಅಡ್ಡಿಯಿಲ್ಲ'. ಅವ್ವ ಬೆಳಗಿನಿಂದ ಒಲೆಯ ಮುಂದೆ ನಿಂತು ಹೋಳಿಗೆ ಮಾಡಿ ಬಡಿಸಿದರೆ, ಅಪ್ಪ ಎರಡನೆಯದಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಾ 'ಅಡ್ಡಿಯಿಲ್ಲ' ಎನ್ನುತ್ತಿದ್ದರು. ಶಾಲೆಗೇ ಮೊದಲನೆಯವಳಾಗಿ ಬಂದು ನಾನು ಅಂಕಪಟ್ಟಿ ಮುಂದೆ ಹಿಡಿದಾಗಲೂ ಕನ್ನಡಕ ಏರಿಸಿ ನೋಡಿ, 'ಅಡ್ಡಿಯಿಲ್ಲ. ಗಣಿತದಾಗ ಯಾಕ ಕಡಿಮಿ ಬಂತು?' ಎಂದರು. ಮುಂದೆ ಉಡುಪಿಯ ಕಡೆಯ ಪ್ರಸನ್ನನನ್ನು ಮದುವೆಯಾಗುತ್ತೇನೆಂದು ಮನೆಗೆ ಕರೆತಂದ ದಿನ, ಏನು ರಾದ್ಧಾಂತವಾಗುತ್ತದೋ ಎಂದು ನಾನು ಬಾಗಿಲ ಮರೆಯಲ್ಲೇ ನಿಂತಿದ್ದೆ. ಅವನು ಚಹಾ ಕುಡಿದು ಹೊರಟ ಮೇಲೆ ಅಪ್ಪ ಚಪ್ಪಲಿ ಹುಡುಕುತ್ತಾ 'ಹುಡುಗ ಅಡ್ಡಿಯಿಲ್ಲ' ಎಂದರು. ನಾನು ಒಳಗೆ ಓಡಿ ಅವ್ವನನ್ನು ತಬ್ಬಿಕೊಂಡು ಅತ್ತೆ. ನಮ್ಮಲ್ಲಿ ಅದಕ್ಕಿಂತ ಮೇಲಿನ ಒಪ್ಪಿಗೆ ಇಲ್ಲವೇ ಇಲ್ಲ.

ಇದು ಬರೀ ಜಿಪುಣತನವಲ್ಲ, ಇದರ ಹಿಂದೆ ಭಯವೂ ಇದೆ. ಹೊಗಳಿದರೆ ನೆದರು ತಾಗುತ್ತದೆ. ನೆದರು ಎಂದರೆ ನೀವು ಬೆಂಗಳೂರಿನವರು ದೃಷ್ಟಿ ಎನ್ನುತ್ತೀರಲ್ಲ, ಅದೇ. ಯಾರಾದರೂ 'ನಿಮ್ಮ ಮಗಳು ಭಾಳ ಶಾಣ್ಯಾಕಿ' ಎಂದುಬಿಟ್ಟರೆ ಸಾಕು, ಅವ್ವ ಅವರ ಎದುರಿಗೇ 'ಎಲ್ಲಿ ಶಾಣ್ಯಾಕಿರಿ, ಒಂದ್ ಹಾಲು ಉಕ್ಕದಂಗ ಕಾಸಾಕ ಬರಂಗಿಲ್ಲ' ಎಂದು ನನ್ನ ಮಾನ ಕಳೆಯುತ್ತಿದ್ದಳು. ಅವರು ಹೋದ ಮೇಲೆ ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನನಗೆ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಬರದಿದ್ದರೆ ನೆದರು ಆಗಿತ್ತು ಎಂದು ಅರ್ಥ. ಘಾಟಿಗೆ ಎಲ್ಲರೂ ಕೆಮ್ಮಿದರೆ ಏನೂ ಆಗಿರಲಿಲ್ಲ ಎಂದು ಅರ್ಥ. ಇಂಥ ಮನೆಯಲ್ಲಿ ಬೆಳೆದ ನಾನು, ನಾನೊಬ್ಬ ಅಸಾಧಾರಣ ವ್ಯಕ್ತಿ ಎಂದು ಅಮೆರಿಕಾ ಸರಕಾರಕ್ಕೆ ಸಾಕ್ಷಿ ಸಮೇತ ಸಾಬೀತು ಮಾಡಬೇಕಾಗಿ ಬಂದದ್ದು ಹಣೆಬರಹ ಎನ್ನದೆ ಇನ್ನೇನೆನ್ನಲಿ?

ನಾನು ಲಾಸ್ ಏಂಜಲೀಸ್‌ನಲ್ಲಿ ಪಿಎಚ್.ಡಿ. ಮುಗಿಸಿ, ವಿದ್ಯಾರ್ಥಿ ವೀಸಾದ ಬಾಲ ಹಿಡಿದುಕೊಂಡೇ ಕೆಲಸಕ್ಕೆ ಸೇರಿದ್ದೆ. ಈ ದೇಶದಲ್ಲಿ ಓದು ಮುಗಿದ ಮೇಲೂ ಕೆಲವು ಕಾಲ ವಿದ್ಯಾರ್ಥಿಯ ಲೆಕ್ಕದಲ್ಲೇ ಕೆಲಸ ಮಾಡಲು ಬಿಡುತ್ತಾರೆ. ತಲೆಯಲ್ಲಿ ಬಿಳಿ ಕೂದಲು ಇಣುಕುತ್ತಿದ್ದರೂ ಕಾಗದದ ಮೇಲೆ ನಾನು ವಿದ್ಯಾರ್ಥಿನಿ. ಕೆಲಸವೇನೆಂದರೆ, ನೆಲದೊಳಗಿನ ನೀರಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಸಪ್ಪಳ ಕೇಳಿ ಕಂಡುಹಿಡಿಯುವುದು. ನೀರಿಗೆ ಬರವಿರುವ ಕ್ಯಾಲಿಫೋರ್ನಿಯಾದಲ್ಲಿ ಇದು ಉಪಯೋಗದ ಕೆಲಸವೇ. ಆದರೆ ನಮ್ಮ ಸ್ಯಾಂಟಾ ಕ್ಲಾರಿಟಾದ ಬಾಡಿಗೆ ಮನೆಯ ಅಡುಗೆಮನೆಯ ನಲ್ಲಿ ಮಾತ್ರ ಹಗಲೂ ರಾತ್ರಿ ತೊಟ್ಟಿಕ್ಕುತ್ತಿತ್ತು. 'ನಿನ್ನ ಅರ್ಜಿಯಲ್ಲಿ ಇದನ್ನೂ ಸೇರಿಸು ಮಾರಾಯ್ತಿ' ಎಂದು ಪ್ರಸನ್ನ ಅಣಕಿಸುತ್ತಿದ್ದ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆ ಹುಟ್ಟಿದ್ದೇ ನಮ್ಮಂಥವರ ಮನೆಯಲ್ಲಿರಬೇಕು.

ನನ್ನ ಕೆಲಸದ ಪರವಾನಗಿ ಮುಗಿಯುತ್ತ ಬಂದಿತ್ತು. ಕೆಲಸದ ವೀಸಾಕ್ಕೆ ಲಾಟರಿ ಎತ್ತುತ್ತಾರಲ್ಲ, ಅದರಲ್ಲಿ ನನ್ನ ಹೆಸರು ಬಂದಿರಲಿಲ್ಲ. ಹೋದರೆ ಹೋಗಲಿ, ಗಂಟುಮೂಟೆ ಕಟ್ಟೋಣ ಎಂದರೆ, ಕಟ್ಟಬೇಕಾದದ್ದು ನನ್ನೊಬ್ಬಳ ಗಂಟಲ್ಲ. ಪ್ರಸನ್ನ ಮಂಗಳೂರಿನಲ್ಲಿ ಸೇತುವೆಗಳ ವಿನ್ಯಾಸ ಮಾಡುತ್ತಿದ್ದ ಇಂಜಿನಿಯರು. ನನ್ನ ಓದಿಗಾಗಿ ಕೆಲಸ ಬಿಟ್ಟು ಬಂದವನು. ವಿದ್ಯಾರ್ಥಿಯ ಸಂಗಾತಿಗೆ ಇಲ್ಲಿ ದುಡಿಯಲು ಅನುಮತಿಯಿಲ್ಲ, ಪುಕ್ಕಟೆ ಸೇವೆ ಮಾಡಬಹುದು ಅಷ್ಟೆ. ಹಾಗಾಗಿ ಅವನು ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ. ಕಡ್ಡಿಗಳಿಂದ ಕಟ್ಟಿದ ಸೇತುವೆಯ ಮಾಡೆಲ್ ತೋರಿಸಿ 'ಇದು ಏನು ಹೇಳಿ ನೋಡುವ' ಎಂದು ಇವನು ಕೇಳಿದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು, ಉತ್ತರ ಸರಿಯಾಗಿಯೇ ಇರುತ್ತಿತ್ತು. ಫ್ರೀವೇ ಮೇಲೆ ಹೋಗುವಾಗಲೆಲ್ಲ ಮೇಲ್ಸೇತುವೆಗಳ ಹೊಟ್ಟೆಯನ್ನು ಕತ್ತೆತ್ತಿ ನೋಡುತ್ತಿದ್ದ. ಒಂದು ದಿನವೂ ಗೊಣಗಲಿಲ್ಲ. ಗೊಣಗಿದ್ದರೆ ನನಗೆ ಜಗಳವಾಡಿ ಹಗುರಾಗಬಹುದಿತ್ತು. ಗ್ರೀನ್ ಕಾರ್ಡಿನ ಅರ್ಜಿ ಒಪ್ಪಿಗೆಯಾದರೆ ಅವನು ಮತ್ತೆ ಕೆಲಸ ಮಾಡಬಹುದಿತ್ತು. ಅಸಾಧಾರಣರಿಗೆಂದು ಬೇರೆಯದೇ ಒಂದು ಸಾಲಿದೆ, ಆಗ ಅದರಲ್ಲಿ ನಮ್ಮ ದೇಶದವರಿಗೂ ಕಾಯುವ ಕಷ್ಟ ಇರಲಿಲ್ಲ. ಅಸಾಧಾರಣರಾಗಿರಬೇಕು, ಅಷ್ಟೇ ಷರತ್ತು.

ಎಲ್ಲರೂ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಓಡಾಡುತ್ತಿದ್ದ ಕಾಲ. ಸ್ಯಾನ್ ಡಿಯೇಗೋದ ಕರ್ನಿ ಮೆಸಾದಲ್ಲಿ, ನೂಡಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ವಕೀಲೆಯ ಆಫೀಸಿಗೆ ಹೋಗಿ ಕುಳಿತೆವು. ಚುರುಕು ಹೆಂಗಸು. 'ನಿಮ್ಮ ಕ್ಷೇತ್ರಕ್ಕೆ ನಿಮ್ಮ ಕೊಡುಗೆ ಏನು?' ಎಂದು ಕೇಳಿದಳು. ನಾನು ಯೋಚಿಸಿ, ನನ್ನದು ದೊಡ್ಡದೇನಿಲ್ಲ, ಗೈಡ್ ದಾರಿ ತೋರಿಸಿದರು, ಲ್ಯಾಬಿನ ಗೆಳೆಯರು ಸಹಾಯ ಮಾಡಿದರು, ಹಿರಿಯರ ಆಶೀರ್ವಾದ ಇತ್ತು ಎಂದೆ. ವಕೀಲೆ ಪೆನ್ನು ಕೆಳಗಿಟ್ಟಳು. ಆಶೀರ್ವಾದಕ್ಕೆ ಸಾಕ್ಷಿ ಲಗತ್ತಿಸಲು ಬರುವುದಿಲ್ಲ ಎಂದು ತಾಳ್ಮೆಯಿಂದ ಹೇಳಿದಳು. ನಾನು ರಜೆ ಹಾಕಿ ಬರೆದುಕೊಂಡು ಹೋಗಿದ್ದ ನನ್ನ ಸಾಧನೆಯ ವಿವರಣೆಯನ್ನು ಓದಿ ಮುಗಿಸಿ, 'ಇದರಲ್ಲಿ ಎಲ್ಲರೂ ಇದ್ದಾರೆ, ನೀವೊಬ್ಬರೇ ಇಲ್ಲ' ಎಂದಳು. ಪ್ರಸನ್ನ ಮಾಸ್ಕಿನೊಳಗೆ ನಗುತ್ತಿದ್ದದ್ದು ಅವನ ಕಿವಿ ಮೇಲೆ ಕೆಳಗೆ ಆಗುತ್ತಿದ್ದುದರಿಂದ ಗೊತ್ತಾಯಿತು. ಕೊನೆಗೆ ಅವಳು ಹೇಳಿದ್ದಿಷ್ಟು: ನಿಮ್ಮನ್ನು ನೀವು ಹೊಗಳಿಕೊಳ್ಳುವುದು ಆಗದಿದ್ದರೆ, ನಿಮ್ಮ ಕೆಲಸವನ್ನು ಬಲ್ಲ ಹಿರಿಯ ತಜ್ಞರಿಂದ ಪತ್ರ ಬರೆಸಿ ತನ್ನಿ. ಅವರು ನಿಮ್ಮ ಜೊತೆ ಕೆಲಸ ಮಾಡಿರಬಾರದು, ಹೊರಗಿನವರಾಗಿರಬೇಕು.

ನನಗೆ ತಕ್ಷಣ ನೆನಪಾದದ್ದು ದೇಸಾಯಿ ಅಂಕಲ್. ಗದಗಿನ ಕಡೆಯವರು, ಸ್ಯಾನ್ ಡಿಯೇಗೋದ ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ಮನೆ. ನೀರು ಸರಬರಾಜಿನಲ್ಲಿ ಅವರ ಮಾತೆಂದರೆ ಮಾತು. ನಿವೃತ್ತರಾದ ಮೇಲೂ ಊರೂರಿನ ಇಂಜಿನಿಯರುಗಳು ಅವರ ಸಲಹೆ ಕೇಳುತ್ತಿದ್ದರು. ಕನ್ನಡದವರ ಯುಗಾದಿ ಊಟದಲ್ಲಿ ಪರಿಚಯವಾದವರು. ಫೋನು ಮಾಡಿ ಕೇಳಿದೆ. 'ಅದಕ್ಕೇನ್ ತಂಗಿ, ಬರದು ಕೊಡ್ತೇನಿ' ಎಂದರು. ವಾರದೊಳಗೆ ಪತ್ರ ಬಂತು. ಇಂಗ್ಲಿಷಿನಲ್ಲಿದ್ದರೂ ನನ್ನ ಕಿವಿಗೆ ಅದು ಕನ್ನಡದಲ್ಲೇ ಕೇಳಿಸಿತು: ಈ ಮೂಲಕ ದೃಢೀಕರಿಸುವುದೇನೆಂದರೆ, ಸದರಿಯವರು ನನಗೆ ಪರಿಚಿತರಿದ್ದು, ಸನ್ನಡತೆಯುಳ್ಳವರೂ, ವಿಧೇಯರೂ, ಶ್ರಮಜೀವಿಗಳೂ, ಗೌರವಸ್ಥ ಮನೆತನಕ್ಕೆ ಸೇರಿದವರೂ ಆಗಿರುತ್ತಾರೆ, ಇವರ ಮುಂದಿನ ಬಾಳು ಉಜ್ವಲವಾಗಲೆಂದು ಹಾರೈಸುತ್ತೇನೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಕಣ್ಣು ತುಂಬಿ ಬಂತು. ಕಾಲೇಜು ಬಿಡುವಾಗ ಪ್ರಿನ್ಸಿಪಾಲರು ಕೊಡುವ ಸರ್ಟಿಫಿಕೇಟಿನಲ್ಲಿ ಇದರ ಅರ್ಧವೂ ಇರಲಿಲ್ಲ. ಇಷ್ಟು ಬರೆದ ಮೇಲೆ ಯಾವ ಸರಕಾರ ತಾನೇ ಇಲ್ಲವೆಂದೀತು ಎಂದುಕೊಂಡು ಹೆಮ್ಮೆಯಿಂದ ವಕೀಲೆಗೆ ಕಳಿಸಿದೆ.

ವಕೀಲೆ ಫೋನು ಮಾಡಿದಳು. 'ವಿಧೇಯರು ಎಂದಿದ್ದಾರೆ, ಯಾರಿಗೆ?' ಎಂದು ಕೇಳಿದಳು. ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿದ್ದ ಪ್ರಸನ್ನ, 'ಅದು ನಂಗೂ ಗೊತ್ತಾಗ್ಬೇಕಿತ್ತು' ಎಂದ. ಗೌರವಸ್ಥ ಮನೆತನಕ್ಕೂ ಪೈಪಿನ ಸೋರಿಕೆಗೂ ಏನು ಸಂಬಂಧ, ನಿಮ್ಮ ಕೆಲಸದಿಂದ ಯಾರಿಗೆ ಏನು ಉಪಯೋಗವಾಗಿದೆ ಎಂದು ಇವರಿಗೆ ಗೊತ್ತಿದೆಯೋ ಇಲ್ಲವೋ, ಗೊತ್ತಿದ್ದರೆ ಅದನ್ನು ಬರೆಯಲಿ, ಇಲ್ಲವಾದರೆ ಬೇರೆಯವರನ್ನು ಹುಡುಕಿ, ಹೆಚ್ಚು ಸಮಯವಿಲ್ಲ ಎಂದಳು.

ಅಂದೇ ಅವ್ವನ ಫೋನು. ವಿಷಯ ಹೇಳಿದೆ. ಮಗಳ ಪರವಾನಗಿ ಮುಗಿಯುತ್ತಿರುವುದಕ್ಕಿಂತ, ಹತ್ತು ಜನರಿಂದ ಹೊಗಳಿಸಿಕೊಳ್ಳಲು ಹೊರಟಿದ್ದಾಳೆ ಎಂಬುದೇ ಅವಳಿಗೆ ದೊಡ್ಡ ಗಾಬರಿ.

'ಹಂಗೆಲ್ಲಾ ಮಂದಿ ಕಡೆಯಿಂದ ಬರಸಬ್ಯಾಡವಾ, ನೆದರ ಆಗ್ತದ. ಬರಸಿದ ಮ್ಯಾಲ ಉಪ್ಪು ಮೆಣಸಿನಕಾಯಿ ಇಳಿಸಿಕೋ.'

'ಅವ್ವಾ, ನಾ ಪಿಎಚ್.ಡಿ. ಮಾಡೇನಿ' ಎಂದೆ.

'ಪಿಎಚ್.ಡಿ. ಮಾಡಿದವರಿಗೆ ನೆದರ ಆಗಂಗಿಲ್ಲೇನು?' ಎಂದಳು. ವಿಜ್ಞಾನಿಯಾದ ನಾನು ಈ ಪ್ರಶ್ನೆಗೆ ಬರೀ ನಕ್ಕು ಫೋನಿಟ್ಟೆ.

ಮುಂದಿನ ಭಾನುವಾರ ದೇಸಾಯಿ ಅಂಕಲ್ ಮನೆಗೆ ಹೊರಟೆವು. ಸ್ಯಾಂಟಾ ಕ್ಲಾರಿಟಾದಿಂದ ಫೋರ್ ಎಸ್ ರ್ಯಾಂಚ್‌ಗೆ ಹೋಗುವುದೆಂದರೆ ಇಡೀ ಲಾಸ್ ಏಂಜಲೀಸನ್ನು ತಲೆಯಿಂದ ಕಾಲಿನ ತನಕ ದಾಟಬೇಕು, ಆಮೇಲೆ ಸಮುದ್ರದ ಪಕ್ಕ ಇಳಿಯಬೇಕು. ದಾರಿಯುದ್ದಕ್ಕೂ ನಾನು ರಿಹರ್ಸಲ್ ಮಾಡಿದೆ. ಪ್ರಸನ್ನ ಡ್ರೈವ್ ಮಾಡುತ್ತಾ ಅಂಕಲ್ ಪಾತ್ರ ವಹಿಸಿದ. 'ಅಂಕಲ್, ಪತ್ರ ಭಾಳ ಛಲೋ ಅದರಿ, ಆದ್ರ...' ಎನ್ನುವ ತನಕ ಮಾತು ಬರುತ್ತಿತ್ತು. ಆ 'ಆದ್ರ' ಆದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ನನ್ನಪ್ಪನ ವಯಸ್ಸಿನವರ ಎದುರು ಕುಳಿತು, ನನ್ನನ್ನು ಇನ್ನೂ ಒಂಚೂರು ಹೊಗಳಿರಿ ಎಂದು ಯಾವ ಬಾಯಿಂದ ಕೇಳುವುದು? ಅದಕ್ಕಿಂತ ದೇಶ ಬಿಡುವುದೇ ವಾಸಿ ಅನ್ನಿಸಿತು. 'ಕೇಳುದು ಬೇಡ ಬಿಡು. ನಾನು ನೋಡಿಕೊಳ್ತೇನೆ. ನೀನು ಬಾಯಿ ಮುಚ್ಚಿ ಊಟ ಮಾಡಿದ್ರೆ ಸಾಕು' ಎಂದ ಪ್ರಸನ್ನ.

ಅಂಕಲ್ ಅವರ ಹೆಂಡತಿ ಸುಧಾ ಆಂಟಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿದ್ದರು. ಅಂಕಲ್ ತಾವಾಗಿಯೇ ವಿಷಯ ತೆಗೆದರು. 'ಪತ್ರ ಮುಟ್ಟಿತಿಲ್ಲೋ ತಂಗಿ? ಅಡ್ಡಿಯಿಲ್ಲೇನು?' ನಾನು ಬಾಯಿ ತೆರೆಯುವ ಮೊದಲೇ ಪ್ರಸನ್ನ ರೊಟ್ಟಿ ಮುರಿಯುತ್ತಾ ಶುರು ಮಾಡಿದ.

'ನಿಮ್ಮ ಲೆಟರ್ ಸರಿಯೇ ಉಂಟು ಅಂಕಲ್. ಆ ಲಾಯರಿಗೆ ತಲೆ ಸರಿ ಇಲ್ಲ, ಇನ್ನೂ ಬೇಕಂತೆ. ಇನ್ನು ಬರೀಲಿಕ್ಕೆ ಎಂಥ ಉಂಟು? ಇವಳು ಮಾಡುದು ಅಂಥ ದೊಡ್ಡ ಸಂಗತಿಯೂ ಅಲ್ಲ. ಪೈಪಿಗೆ ಒಂದು ಮೈಕ್ ಕಟ್ಟಿ ಕೂತ್ಕೊಳ್ಳುದು. ನಮ್ಮ ಊರಲ್ಲಿ ನೀರು ಬಿಡ್ಲಿಕ್ಕೆ ಬರುವವ ಕಬ್ಬಿಣದ ಕೋಲು ಕಿವಿಗೆ ಇಟ್ಟು ಇದನ್ನೇ ಮಾಡ್ತಾನೆ.'

ನನ್ನ ಗಂಟಲಲ್ಲಿ ರೊಟ್ಟಿ ಸಿಕ್ಕಿಕೊಂಡಿತು. ಅಂಕಲ್ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತು.

'ಏನಂದಿ?' ಎಂದರು. ತುತ್ತು ತಟ್ಟೆಗೆ ವಾಪಸು ಹೋಯಿತು. 'ತಮ್ಮಾ, ನೀ ಸೇತುವಿ ಕಟ್ಟಾಂವ. ನೀರಿನ ವಿಷಯ ನಿನಗೇನ್ ತಿಳೀತದ? ಕೋಲು ಕಿವಿಗಿಟ್ರ ಕಬ್ಬಿಣದ ಪೈಪ್ ಕೇಳಸ್ತದ. ಈಗ ನೆಲದಾಗ ಇರೂದು ಪ್ಲಾಸ್ಟಿಕ್ಕು. ಪ್ಲಾಸ್ಟಿಕ್ಕಿನ್ಯಾಗ ಸಪ್ಪಳ ನಾಕ ಹೆಜ್ಜಿ ಹೋಗೂದ್ರಾಗ ಸಾಯ್ತದ. ಮ್ಯಾಲ ಲಾರಿ ಗದ್ದಲ ಬ್ಯಾರೆ. ಆ ಸಾಯೋ ಸಪ್ಪಳಾ ಹೆಂಗ ಹಿಡೀಬೇಕಂತ ನಾವೆಲ್ಲಾ ತಲಿ ಕೆರಕೊಂಡು ಕುಂತಿದ್ವಿ. ಈ ಹುಡಿಗಿ ಹಿಡದ್ಳು!'

'ಅಷ್ಟೇನಿಲ್ಲರಿ ಅಂಕಲ್, ನನ್ನ ಗೈಡ್...' ಎಂದು ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು. ಮೇಜಿನ ಕೆಳಗೆ ಪ್ರಸನ್ನ ನನ್ನ ಕಾಲು ತುಳಿದ.

'ನೀ ಸುಮ್ಮನಿರು!' ಅಂಕಲ್ ನನ್ನ ಮೇಲೂ ಹರಿಹಾಯ್ದರು. 'ನಿನ್ನ ಮಾರಿ ನೋಡೂಕಿಂತ ಮೊದಲ ನಿನ್ನ ಪೇಪರ್ ಓದೇನಿ ನಾ. ಒಂದ್ ಊರಾಗ ಆಸ್ಪತ್ರಿ ಮುಂದಿನ ರಸ್ತೆ ಒಳಗ ಎಲ್ಲೋ ಸೋರತಿತ್ತು. ಇಡೀ ರಸ್ತೆ ಅಗದು ನೋಡಬೇಕಂತ ಕುಂತಿದ್ರು. ನಾ ಅಂದೆ, ತಡೀರಿ, ಈ ಹುಡಿಗಿ ರೀತಿ ಹಚ್ಚಿ ನೋಡ್ರಿ. ಒಂದ ಕಡೆ ಅಗದ್ರು, ಅಲ್ಲೇ ಇತ್ತು. ಆಂಬುಲೆನ್ಸ್ ನಿಲ್ಲಲಿಲ್ಲ, ನೀರು ನಿಲ್ಲಲಿಲ್ಲ. ಇದು ದೊಡ್ಡ ಸಂಗತಿ ಅಲ್ಲಂತಾನ!'

ಇದು ನನಗೆ ಗೊತ್ತೇ ಇರಲಿಲ್ಲ. ನಾನು ಕೂತು ಬರೆದ ಲೆಕ್ಕಾಚಾರ, ನಾನು ನೋಡಿಯೇ ಇರದ ಊರಿನಲ್ಲಿ, ನೆಲ ಅಗೆಯುವವರ ಕೈಗೆ ದಾರಿ ತೋರಿಸಿತ್ತು. 'ನೀವು ನನಗ್ಯಾಕ ಹೇಳಲಿಲ್ಲರಿ ಅಂಕಲ್?' ಎಂದೆ.

'ಹೇಳಿದ್ರ ನಿನ್ನ ತಲಿ ತಿರಗತಿತ್ತು' ಎಂದರು, ಇದು ತಿಳಿಯದವರೂ ಇದ್ದಾರೆಯೇ ಎಂಬಂತೆ.

ನನ್ನ ಕಣ್ಣಲ್ಲಿ ನೀರು ಬಂತು. ಚಟ್ನಿ ಖಾರವಾಯಿತೆಂದು ತಿಳಿದು ಸುಧಾ ಆಂಟಿ ತಟ್ಟೆಗೆ ಒಂದು ಮುದ್ದೆ ಬೆಣ್ಣೆ ಹಾಕಿದರು. ಪ್ರಸನ್ನ ಮಾತ್ರ ಮೆಲ್ಲಗೆ, 'ಅಂಕಲ್, ಹಾಗಾದ್ರೆ ಇದನ್ನೇ ಬರೀಬಹುದಲ್ವಾ? ಹೊಗಳಿದ ಹಾಗೆ ಆಗ್ತದಾ?' ಎಂದ. ಅಂಕಲ್ ಮತ್ತೆ ರೊಟ್ಟಿಗೆ ಕೈ ಹಾಕಿದರು. 'ಇದರಾಗ ಹೊಗಳಿಕಿ ಎಲ್ಲಿಂದ ಬಂತು? ಇದು ಖರೇ ಸಂಗತಿ. ಖರೇ ಸಂಗತಿ ಬರಿಯಾಕ ಏನ್ ಅಡ್ಡಿ?'

ವಾಪಸು ಬರುವಾಗ ಕಾರಿನಲ್ಲಿ ಜಗಳವಾಡಿದೆ. ನಿಜವಾಗಿಯೂ ನನ್ನ ಕೆಲಸದ ಬಗ್ಗೆ ನಿನಗೆ ಹಾಗೇ ಅನ್ನಿಸುತ್ತದೆಯೇ ಎಂದು ಕೇಳಿದೆ. ಅವನು ನಕ್ಕ. 'ನಿಮ್ಮ ಊರಿನವರಿಗೆ ಹೊಗಳ್ಲಿಕ್ಕೆ ಬರುದಿಲ್ಲ ಮಾರಾಯ್ತಿ, ಜಗಳ ಮಾಡ್ಲಿಕ್ಕೆ ಬರ್ತದೆ. ಮದುವೆ ಆದ ಮೇಲೆ ನಾನು ಕಲಿತದ್ದು ಇದೊಂದೇ' ಎಂದ. ಅಂಕಲ್ ಹೊಸ ಪತ್ರ ಕಳಿಸಿದರು. ಅದರಲ್ಲಿ ನನ್ನ ಮನೆತನದ ಸುದ್ದಿಯೇ ಇರಲಿಲ್ಲ, ಬರೀ ಪೈಪು, ಸಪ್ಪಳ, ರಸ್ತೆ, ಆಸ್ಪತ್ರೆ. ಆ ಊರಿನವರಿಂದಲೂ ಅವರೇ ಕೇಳಿ ದಾಖಲೆ ತರಿಸಿಕೊಟ್ಟರು. ಕೊನೆಯ ಸಾಲಿನಲ್ಲಿ ಮಾತ್ರ ಸಂಕಟಪಟ್ಟುಕೊಂಡು 'ಅಸಾಧಾರಣ' ಎಂಬ ಮಾತನ್ನು ಒಂದೇ ಒಂದು ಸಲ ಬಳಸಿದ್ದರು. ವಕೀಲೆ ಕುಣಿದಾಡಿದಳು. ಇನ್ನೂ ಇಬ್ಬರು ತಜ್ಞರ ಪತ್ರಗಳು ಸೇರಿ ಅರ್ಜಿ ಹೋಯಿತು. ಕಾದ ದಿನಗಳ ಕಥೆ ಬೇಡ. ಅಂಚೆ ಡಬ್ಬಿ ತೆಗೆದು ತೆಗೆದು ಅದರ ಬಾಗಿಲು ಸಡಿಲವಾಯಿತು ಎಂದರೆ ಸಾಕು. ಅರ್ಜಿ ಒಪ್ಪಿಗೆಯಾಯಿತು. ಅಪ್ಪನಿಗೆ ಫೋನು ಮಾಡಿ, ನಾನು ಅಸಾಧಾರಣಳೆಂದು ಅಮೆರಿಕಾದವರು ಒಪ್ಪಿದರು ಎಂದೆ. 'ಅಡ್ಡಿಯಿಲ್ಲ' ಎಂದರು. ಆಮೇಲೆ ಮೂಗು ಒರೆಸಿಕೊಂಡ ಸಪ್ಪಳ ಕೇಳಿಸಿತು. ಸಪ್ಪಳ ಹಿಡಿಯುವುದೇ ನನ್ನ ವೃತ್ತಿಯಲ್ಲವೇ.

ಪ್ರಸನ್ನನಿಗೆ ಕೆಲಸದ ಪರವಾನಗಿಯ ಕಾರ್ಡು ಬಂದ ಬೆಳಿಗ್ಗೆ ಅವನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ರೆಸ್ಯೂಮೆ ಬರೆಯಲು ಕುಳಿತ. ಮಂಗಳೂರಿನ ಸೇತುವೆಗಳ ತನಕ ಸರಾಗವಾಗಿ ಬಂದು ಆಮೇಲೆ ನಿಂತ. 'ಇಲ್ಲಿಗೆ ಬಂದ ಮೇಲೆ ಎಂಥ ಮಾಡಿದೆ ಅಂತ ಬರೀಲಿ? ನೀನೇ ಹೇಳು. ನನ್ನ ಬಗ್ಗೆ ಏನಾದ್ರೂ ಒಳ್ಳೇದು' ಎಂದ. ನಾನು ಒಲೆಯ ಮುಂದೆ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಹೇಳುವುದು ಎದೆಯ ತುಂಬ ಇತ್ತು. ಬಾಯಿಗೆ ಬಂದದ್ದು ಮಾತ್ರ, 'ಏನರೆ ಬರಿ. ನೀನೂ ಅಡ್ಡಿಯಿಲ್ಲ.'

ಅವನು ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡ. ಆಮೇಲೆ ನಿಟ್ಟುಸಿರು ಬಿಟ್ಟು, 'ಹೌದು ಬಿಡು. ಹೆಂಡತಿ ದುಡಿದದ್ದನ್ನು ಮನೆಯಲ್ಲಿ ಕೂತು ತಿಂದೆ ಅಂತಲೇ ಬರೀತೇನೆ. ಅದೇ ಸತ್ಯ' ಎಂದ.

'ಏನಂದಿ?' ಸೌಟು ಹಿಡಿದುಕೊಂಡೇ ತಿರುಗಿದೆ. 'ಯಾರು ಕುಂತು ತಿಂದವರು? ನನ್ನ ಲೆಕ್ಕ ಕೂಡಿ ಬರದಾಗ ನನ್ನ ಜೋಡಿ ಕುಂತು ಕೂಡಿಸಿದವರು ಯಾರು? ಒಂದು ಅಕ್ಷರ ಕನ್ನಡ ಮಾತಾಡದ ಹುಡುಗೂರ ಕಡೆಯಿಂದ ಕನ್ನಡದಾಗ ಸೇತುವಿ ಮಾಡೆಲ್ ವಿವರಿಸಿ ಹೇಳಿಸಿದವರು ಯಾರು? ದೇಸಾಯಿ ಅಂಕಲ್ ಬಾಯಿ ಬಿಡಿಸಿದವರು ಯಾರು? ಈ ನಲ್ಲಿ, ಊರಿನ ಸೋರಿಕೆ ಹಿಡಿಯೋ ನನಗ ರಿಪೇರಿ ಮಾಡಾಕಾಗದ ಈ ನಲ್ಲಿಗೆ ವಾಶರ್ ತಂದು ಹಾಕಿದವರು ಯಾರು? ನೀ ಕಟ್ಟೂ ಕೆಲಸ ಬಿಟ್ಟು ನನ್ನ ಕಟ್ಟಿದಿ! ನಿನ್ನಂಥಾಂವ...' ಇಷ್ಟು ಹೊತ್ತಿಗೆ ನನ್ನ ದನಿ ಕೆಳಗಿನ ಮನೆಯವರಿಗೂ ಕೇಳಿಸುವಂತಿತ್ತು. ಉಸಿರೆಳೆದುಕೊಳ್ಳಲು ನಿಂತಾಗ ಟಕಟಕ ಸಪ್ಪಳ ಕೇಳಿಸಿತು. ಅವನು ತಲೆ ತಗ್ಗಿಸಿ ಟೈಪ್ ಮಾಡುತ್ತಿದ್ದ. 'ನಿನ್ನಂಥಾಂವ, ಆಮೇಲೆ?' ಎಂದ, ತಲೆ ಎತ್ತದೆ.

ಅವನ ಬಲೆಗೆ ಬಿದ್ದದ್ದಕ್ಕೆ ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ಮೊದಲು ನೆದರಿನ ಭಯ ಬಂತು. ಇಷ್ಟೊಂದನ್ನು ಗಟ್ಟಿಯಾಗಿ, ಅದೂ ಕೆಲಸ ಹುಡುಕಲು ಹೊರಟಿರುವವನ ಮುಂದೆ, ಕಿಟಕಿ ತೆರೆದಿಟ್ಟುಕೊಂಡು ಹೇಳಿಬಿಟ್ಟೆನಲ್ಲ! ಪಿಎಚ್.ಡಿ. ಮಾಡಿದ, ಅಸಾಧಾರಣಳೆಂದು ಒಂದು ದೇಶವೇ ಒಪ್ಪಿದ ನಾನು ಡಬ್ಬಿಯಿಂದ ಒಂದು ಮುಷ್ಟಿ ಉಪ್ಪು, ಒಣ ಮೆಣಸಿನಕಾಯಿ ತೆಗೆದು, ಅವನ ತಲೆಯ ಸುತ್ತ ನಿವಾಳಿಸಿ, ಹೆಂಚು ಕಾಯಿಸಿ ಅದರ ಮೇಲೆ ಹಾಕಿದೆ. ಘಾಟು ಎದ್ದಿತು. ಇಬ್ಬರೂ ಕೆಮ್ಮಿದೆವು. ಹೊಗೆ ಎದ್ದರೆ ಬಡಿದುಕೊಳ್ಳುವ ಛಾವಣಿಯ ಅಲಾರಾಮು ಕಿವಿ ಹರಿದು ಹೋಗುವಂತೆ ಕೂಗತೊಡಗಿತು. ಪ್ರಸನ್ನ ಕುರ್ಚಿ ಹತ್ತಿ, ಚಾಪೆ ಬೀಸುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ ನಗುತ್ತಿದ್ದ. ಅವ್ವನ ಶಾಸ್ತ್ರದ ಪ್ರಕಾರ, ಇಷ್ಟು ಘಾಟು ಬಂತೆಂದರೆ ನನ್ನ ಹೊಗಳಿಕೆಯಿಂದ ಅವನಿಗೆ ಏನೂ ತಾಗಿರಲಿಲ್ಲ. ಇನ್ನೂ ಸ್ವಲ್ಪ ಹೊಗಳಬಹುದಿತ್ತು.